ಎಲೆಕೋಸಿನ ಕೋಸಂಬರಿ



ನಮ್ಮ ಬಾಳೆಯೆಲೆಯ ಮೇಲೆ ಕೋಸಂಬರಿಗೆ ದೊರೆಯುವ ಸ್ಥಳ ಅಂಗೈಯಗಲವೂ ಅಲ್ಲ. ಆದರೆ ಬೆಂಕಿಯನ್ನು ಕಾಣದೆ ಪಂಕ್ತಿಗೆ ಬರುವ ಪದಾರ್ಥಗಳು ಎಷ್ಟಿವೆ? ಕೋಸಂಬರಿಯ ಹಿರಿಮೆಯೆಲ್ಲ ಅಲ್ಲಿದೆ. ಎಲೆಕೋಸನ್ನೇ ನಿದರ್ಶನವಾಗಿಟ್ಟುಕೊಂಡು ಆ ಮಾತನ್ನು ಅರಿಕೆಮಾಡುತ್ತೇನೆ.

ನೂರು ಗ್ರಾಂ ಹಸಿಯ ಎಲೆಕೋಸಿನಲ್ಲಿ ಸುಮಾರು 92 ಗ್ರಾಂ ನೀರೇ. ನಾರು ಎರಡೂವರೆ ಗ್ರಾಂ. ಶಕ್ತಿ ಕೇವಲ 25 ಕ್ಯಾಲೊರಿ. ಇಷ್ಟನ್ನೇ ಎಣಿಸಿದವರು ‘ಇದೂ ಒಂದು ಆಹಾರವೇ?’ ಎಂದಾರು. ಆದರೆ ಅದೇ ತೂಕದಲ್ಲಿ ಸುಮಾರು 36 ಮಿಲಿಗ್ರಾಂ ‘ಸಿ’ ಜೀವಸತ್ವವೂ ಅಡಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಗೊತ್ತುಪಡಿಸಿದಂತೆ, ದಿನವೊಂದಕ್ಕೆ ವಯಸ್ಕ ಪುರುಷರಿಗೆ 80, ಸ್ತ್ರೀಯರಿಗೆ 65 ಮಿಲಿಗ್ರಾಂ ಬೇಕು. ಎಂದರೆ ಒಂದು ಬಟ್ಟಲು ಕೋಸು ಸರಿಸುಮಾರು ಅರ್ಧವನ್ನು ಒದಗಿಸೀತು. 1768ರಲ್ಲಿ ಸಮುದ್ರಯಾನಕ್ಕೆ ಹೊರಟ ಕ್ಯಾಪ್ಟನ್ ಕುಕ್ಕನು ಹುಳಿಹಿಡಿಸಿದ ಎಲೆಕೋಸನ್ನು ಹಡಗಿಗೆ ತುಂಬಿಸಿದ್ದು, ವಸಡು ಕೆಟ್ಟು ರಕ್ತ ಒಸರುವ ಸ್ಕರ್ವಿ ರೋಗದ ಭಯದಿಂದ. ಆ ರೋಗ ಬರುವುದು ಈ ಸತ್ವದ ಅಭಾವದಿಂದಲೇ.

ಈ ಸತ್ವದ ಸ್ವಭಾವ ಬಹು ನಾಜೂಕು. ಅದು ನೀರಿನಲ್ಲಿ ಕರಗುತ್ತದೆ, ಕಾವಿಗೆ ಕೆಡುತ್ತದೆ. ಕೋಸನ್ನು ಬಹಳ ಹೊತ್ತು ಬೇಯಿಸಿ ನೀರನ್ನು ಬಸಿದವರು ಹಣ ಕೊಟ್ಟು ತಂದ ಸತ್ವದಲ್ಲಿ ಹೆಚ್ಚಿನ ಪಾಲನ್ನು ಬಚ್ಚಲಿಗೆ ಅರ್ಪಿಸುತ್ತಾರೆ. ಕೋಸಂಬರಿಗೆ ಈ ಎರಡು ಕಂಟಕಗಳೂ ಇಲ್ಲ.

ಆದರೂ ಕ್ರಮವನ್ನು ತಿಳಿದಿರಬೇಕು. ಹೊರಪದರಗಳನ್ನು ತೆಗೆದು, ಕೋಸನ್ನು ಚೆನ್ನಾಗಿ ತೊಳೆದ ಮೇಲೆಯೇ ಹೆಚ್ಚಬೇಕು. ಹೆಚ್ಚಿದ ಮೇಲೆ ನೀರಿನಲ್ಲಿ ನೆನೆಯಿಡಬಾರದು. ಉಪ್ಪನ್ನು ಬಡಿಸುವ ಹೊತ್ತಿಗೆ ಬೆರೆಸಬೇಕು. ಮೊದಲೇ ಬೆರೆಸಿದರೆ ರಸವೆಲ್ಲ ಪಾತ್ರೆಯ ತಳಕ್ಕೆ ಇಳಿದೀತು. ನೆನೆದ ಹೆಸರುಬೇಳೆಯು ಕೋಸಿನಲ್ಲಿ ಕಡಮೆಯಾಗಿರುವ ಸಸಾರಜನಕವನ್ನು ತುಂಬಿಕೊಡುತ್ತದೆ. ನಿಂಬೆಯ ರಸವು ‘ಸಿ’ ಜೀವಸತ್ವವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಸಾಸಿವೆಯ ಒಗ್ಗರಣೆಯೂ ಬರಿಯ ಘಮಕ್ಕಲ್ಲ: ಕೋಸಿನಲ್ಲಿರುವ ‘ಕೆ’ ಜೀವಸತ್ವವು ದೇಹಕ್ಕೆ ಸೇರಲು ಎಣ್ಣೆಯ ನೆರವು ಬೇಕು. ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ಸೇವಿಸುವವರು ಮಾತ್ರ ವೈದ್ಯರನ್ನು ವಿಚಾರಿಸಿ ಕೋಸಿನ ಪ್ರಮಾಣವನ್ನು ನಿಶ್ಚಯಿಸಿಕೊಳ್ಳತಕ್ಕದ್ದು. ಆ ಔಷಧಕ್ಕೂ ‘ಕೆ’ ಜೀವಸತ್ವಕ್ಕೂ ಹೊಂದಿಕೆಯಿಲ್ಲ.

ಆದುದರಿಂದ ನನ್ನ ವಿಜ್ಞಾಪನೆ ಇಷ್ಟೆ. ಕೋಸಂಬರಿಯು ಹಬ್ಬದ ದಿನ ಮಾತ್ರ ಬಂದುಹೋಗುವ ನೆಂಟನಾಗದಿರಲಿ. ನಿತ್ಯದ ಊಟದಲ್ಲಿಯೂ ಅದಕ್ಕೆ ಸ್ಥಳವಿರಲಿ. ಬಡಿಸುವ ಕೈ, ಚಮಚವನ್ನು ಬಿಟ್ಟು ಸೌಟನ್ನು ಹಿಡಿಯಲಿ.