ಮನಸ್ಸಿಗೂ ಮದ್ದುಂಟು



ಈ ಶಾಲೆಯಲ್ಲಿ ಓದಿ ಮನೋವೈದ್ಯನಾದ ನನ್ನ ಬಳಿಗೆ ಬರುವ ಹಳ್ಳಿಯವರು ‘ಮನಸ್ಸು ಸರಿಯಿಲ್ಲ’ ಎನ್ನುವುದು ಕಡಿಮೆ. ‘ತಲೆನೋವು, ಸುಸ್ತು, ಎದೆ ಡವಡವ’ ಎನ್ನುತ್ತಾರೆ. ಅಷ್ಟರಲ್ಲಿ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಹರಕೆ, ತಾಯತ ಎಲ್ಲವೂ ಮುಗಿದಿರುತ್ತದೆ. ‘ನಿದ್ದೆ ಬರುತ್ತದಾ?’ ಎಂದರೆ ಕಣ್ಣು ತುಂಬುತ್ತದೆ.

ದುಃಖ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಆದರೆ ಎರಡು ವಾರವಾದರೂ ದಿನವಿಡೀ ಮಂಕು, ನಿದ್ದೆಯಿಲ್ಲ, ಊಟ ಸೇರದು, ‘ನಾನಿದ್ದು ಏನು ಪ್ರಯೋಜನ’ ಎಂಬ ಯೋಚನೆ ಇದ್ದರೆ ಅದು ಖಿನ್ನತೆ ಇರಬಹುದು. ಅದು ಸೋಮಾರಿತನವಲ್ಲ, ಗಾಳಿ ಸೋಕಿದ್ದೂ ಅಲ್ಲ. ಶಿಕ್ಷಕರೇ, ಚೆನ್ನಾಗಿ ಓದುತ್ತಿದ್ದ ಮಗು ಏಕಾಏಕಿ ಮೌನವಾದರೆ ಬೈಯುವ ಮೊದಲು ವಿಚಾರಿಸಿ.

ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ನಡುವೆ ಬಿಡಬೇಡಿ, ಗುಣವಾಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಲೂಬೇಡಿ.

ಸಾಯುವ ಮಾತಾಡಿದವರನ್ನು ‘ಸುಮ್ಮನೆ ಹೆದರಿಸುತ್ತಾರೆ’ ಎನ್ನಬೇಡಿ. ಒಂಟಿಯಾಗಿ ಬಿಡಬೇಡಿ, ಹೊಲಕ್ಕೆ ತಂದ ಕೀಟನಾಶಕಕ್ಕೆ ಬೀಗ ಹಾಕಿ, ಅಂದೇ ಆಸ್ಪತ್ರೆಗೆ ಕರೆತನ್ನಿ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಈ ಚಿಕಿತ್ಸೆ ಸಾಧ್ಯವೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆಸ್ಪತ್ರೆಗೆ ಬರಲು ಸಂಕೋಚವಾದರೆ ಟೆಲಿ ಮನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಿ: ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಲು ನಾವು ನಾಚುವುದಿಲ್ಲ. ಇದಕ್ಕೂ ನಾಚಬೇಕಿಲ್ಲ. ಈ ಸಂಖ್ಯೆಯನ್ನು ಶಾಲೆಯ ಗೋಡೆಯ ಮೇಲೆ ಬರೆಸಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.