ಪರೀಕ್ಷೆಯ ವರ್ಷದಲ್ಲಿ ತಾಯ್ತಂದೆಯರ ಹೊಣೆ

(ಗ್ರಾಮೀಣ ದಂಪತಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕುಟುಂಬ ಕಲ್ಯಾಣವೆಂದೊಡನೆ ಅದು ಹೆರಿಗೆ, ಬಾಣಂತನ, ಚುಚ್ಚುಮದ್ದು ಹಾಗೂ ಮಿತ ಸಂತಾನಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ನಮ್ಮಲ್ಲಿ ಅನೇಕರು ಭಾವಿಸುವುದುಂಟು. ಆದರೆ ಹುಟ್ಟಿದ ಮಗುವಿಗೆ ಪೋಲಿಯೋ ಹನಿ ಹಾಕಿಸಿ, ಕಾಲಕ್ಕೆ ಸರಿಯಾಗಿ ಚುಚ್ಚುಮದ್ದು ಕೊಡಿಸಿ, ಶಾಲೆಗೆ ಸೇರಿಸಿದ ಮಾತ್ರಕ್ಕೆ ತಾಯ್ತಂದೆಯರ ಕರ್ತವ್ಯ ಮುಗಿಯುವುದಿಲ್ಲ. ಅದೇ ಮಗು ಹದಿನೈದು ಹದಿನಾರರ ಪ್ರಾಯಕ್ಕೆ ಬಂದಾಗ ಮನೆಯ ಆಸರೆ ಅದಕ್ಕೆ ಮತ್ತೊಮ್ಮೆ ಬಲವಾಗಿ ಬೇಕಾಗುತ್ತದೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ಬರುವುದೂ ಈ ಪ್ರಾಯದಲ್ಲಿಯೇ. ಆ ಒಂದು ವರ್ಷದಲ್ಲಿ ಮನೆಯವರು ಹೇಗೆ ನಡೆದುಕೊಳ್ಳಬೇಕೆಂಬುದೇ ಇಂದಿನ ನನ್ನ ವಿಷಯ.

ಹತ್ತರಿಂದ ಹತ್ತೊಂಬತ್ತು ವರ್ಷದವರೆಗಿನ ಅವಧಿಗೆ ಹದಿಹರೆಯವೆನ್ನುತ್ತೇವೆ. ಈ ಕಾಲದಲ್ಲಿ ದೇಹ ವೇಗವಾಗಿ ಬೆಳೆಯುತ್ತದೆ. ಹುಡುಗನ ಧ್ವನಿ ಒಡೆಯುತ್ತದೆ, ಹುಡುಗಿ ಮೈನೆರೆಯುತ್ತಾಳೆ. ಮನಸ್ಸು ಚಂಚಲವಾಗುತ್ತದೆ. ಸಣ್ಣ ಮಾತಿಗೂ ಸಿಟ್ಟು, ಅಳು, ಮೌನ ಕಾಣಿಸಿಕೊಳ್ಳುತ್ತವೆ. ಇದು ಅಹಂಕಾರವಲ್ಲ, ಬೆಳವಣಿಗೆಯ ಸಹಜ ಲಕ್ಷಣ. ಇಂತಹ ಕಾಲದಲ್ಲಿಯೇ ಆರು ವಿಷಯಗಳು, 625 ಅಂಕಗಳು ಎಂಬ ಭಾರವೂ ಅದರ ತಲೆಯ ಮೇಲೆ ಬೀಳುತ್ತದೆ. ಆದುದರಿಂದ ಮಗುವಿಗೆ ಆಗುವ ಭಯವನ್ನು ಸೋಮಾರಿತನವೆಂದು ತಿಳಿಯುವುದು ತಪ್ಪು.

ನಗರದ ಮಕ್ಕಳಿಗಿಲ್ಲದ ಒಂದು ತೊಡಕು ನಮ್ಮ ಹಳ್ಳಿಯ ಮಕ್ಕಳಿಗಿದೆ. ಪರೀಕ್ಷೆಗಳು ಸಾಮಾನ್ಯವಾಗಿ ಮಾರ್ಚ್ ಏಪ್ರಿಲ್ ತಿಂಗಳಲ್ಲಿ ನಡೆಯುತ್ತವೆ. ಹಿಂಗಾರಿ ಜೋಳ ಕಡಲೆಗಳ ಕೊಯ್ಲು ಒಕ್ಕಣೆ, ಊರ ಜಾತ್ರೆ, ಯುಗಾದಿ, ನೆಂಟರಿಷ್ಟರ ಮದುವೆಗಳು ಇವೆಲ್ಲವೂ ಅದರ ಆಸುಪಾಸಿನಲ್ಲಿಯೇ ಒದಗುತ್ತವೆ. ಹುಡುಗನನ್ನು ಕಣಕ್ಕೆ ಕರೆಯುತ್ತೇವೆ. ಹುಡುಗಿಗೆ ನೀರು, ಕಸ, ಅಡುಗೆ, ತಮ್ಮ ತಂಗಿಯರ ಆರೈಕೆ ಎಲ್ಲವನ್ನೂ ವಹಿಸುತ್ತೇವೆ. ಮನೆಗೆಲಸ ಕಲಿಯುವುದು ಒಳ್ಳೆಯದೇ. ಆದರೆ ದುಡಿದು ದಣಿದ ದೇಹಕ್ಕೆ ಪಾಠ ಹತ್ತುವುದಿಲ್ಲ. ಗಂಡಹೆಂಡಿರಿಬ್ಬರೂ ಕುಳಿತು ಯೋಚಿಸಿ, ಆ ಮೂರು ತಿಂಗಳ ಮಟ್ಟಿಗಾದರೂ ಕೆಲಸವನ್ನು ತಮ್ಮೊಳಗೆ ಹಂಚಿಕೊಳ್ಳಬೇಕು. ಮಗಳ ಪಾಲಿನ ಕೆಲಸವನ್ನು ತಂದೆಯೋ ಅಣ್ಣನೋ ಮಾಡಿದರೆ ಮರ್ಯಾದೆಗೆ ಕುಂದಿಲ್ಲ.

ಇನ್ನು ನಿದ್ರೆಯ ವಿಚಾರ. ರಾತ್ರಿಯೆಲ್ಲ ಎಚ್ಚರವಿದ್ದು ಓದಿದರೆ ಹೆಚ್ಚು ಅಂಕ ಬರುತ್ತದೆಂಬುದು ತಪ್ಪು ತಿಳಿವಳಿಕೆ. ಈ ಪ್ರಾಯದವರಿಗೆ ಎಂಟರಿಂದ ಹತ್ತು ಗಂಟೆಗಳ ನಿದ್ರೆ ಬೇಕು. ಹಗಲು ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದಕ್ಕೂ ನಿದ್ರೆ ಅವಶ್ಯ. ಸಂಜೆ ದೂರದರ್ಶನವನ್ನು ಆರಿಸಿ, ಮನೆಯಲ್ಲಿ ಬೆಳಕಿರುವ ಒಂದು ಮೂಲೆಯನ್ನು ಮಗುವಿಗೆ ಬಿಟ್ಟುಕೊಡಿರಿ. ಮಲಗುವ ಹೊತ್ತಿಗೆ ಮೊಬೈಲು ಹಾಸಿಗೆಯಿಂದ ದೂರವಿರಲಿ. ಈ ನಿಯಮವನ್ನು ಮೊದಲು ಹಿರಿಯರು ಪಾಲಿಸಿದರೆ ಮಕ್ಕಳು ತಾವಾಗಿಯೇ ಪಾಲಿಸುತ್ತಾರೆ.

ಆಹಾರವೂ ಅಷ್ಟೇ ಮುಖ್ಯ. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂದು ನಮ್ಮ ಹಿರಿಯರು ಹೇಳಿಲ್ಲವೇ? ಬೆಳಿಗ್ಗೆ ಬರಿಯ ಚಹಾ ಕುಡಿದು ಶಾಲೆಗೆ ಹೋಗುವ ಮಗು ಪಾಠದಲ್ಲಿ ತೂಕಡಿಸುವುದು ಸಹಜ. ದುಬಾರಿ ಟಾನಿಕ್ಕುಗಳ ಅಗತ್ಯವಿಲ್ಲ. ರಾಗಿ ಅಥವಾ ಜೋಳ, ಬೇಳೆ, ಹುರುಳಿ, ನುಗ್ಗೆಸೊಪ್ಪು, ಹಾಲು, ರೂಢಿಯಿದ್ದವರಿಗೆ ಮೊಟ್ಟೆ, ಇವು ಸಾಕು. ಊಟದೊಡನೆ ನಿಂಬೆಯ ರಸ ಅಥವಾ ನೆಲ್ಲಿಕಾಯಿ ಇದ್ದರೆ ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ರಕ್ತಹೀನತೆಯಿರುವ ಮಗುವಿಗೆ ಬೇಗ ಆಯಾಸವಾಗುತ್ತದೆ, ಗಮನ ನಿಲ್ಲುವುದಿಲ್ಲ. ಇದನ್ನು ತಡೆಯಲೆಂದೇ ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಕೊಡಲಾಗುತ್ತದೆ. ಅದನ್ನು ಊಟವಾದ ಮೇಲೆ ನುಂಗಬೇಕು, ಚಹಾ ಕಾಫಿಯೊಡನೆ ಸೇವಿಸಬಾರದು. ಮಲ ಕಪ್ಪಾದರೆ ಹೆದರಬೇಕಾದುದಿಲ್ಲ.

ಊಟಕ್ಕಿಂತಲೂ ಮನೆಯ ಮಾತು ಹೆಚ್ಚು ಪರಿಣಾಮ ಮಾಡುತ್ತದೆ. "ಪಕ್ಕದ ಮನೆಯ ಹುಡುಗನನ್ನು ನೋಡು", "ನಿನಗಾಗಿ ಸಾಲ ಮಾಡಿದ್ದೇವೆ", "ನಪಾಸಾದರೆ ಮನೆಗೆ ಬರಬೇಡ" ಎಂಬ ಮಾತುಗಳನ್ನು ಹಿರಿಯರು ಆಡಿ ಮರೆತುಬಿಡುತ್ತಾರೆ, ಮಗು ಮರೆಯುವುದಿಲ್ಲ. ಹೊಡೆತದಿಂದ ವಿದ್ಯೆ ಬಾರದು. ತಂದೆ ಬೈಯುವುದು, ತಾಯಿ ಮರೆಮಾಚುವುದು, ಅದಕ್ಕಾಗಿ ಇಬ್ಬರೂ ಜಗಳವಾಡುವುದು ಇನ್ನೂ ಕೆಟ್ಟದ್ದು. ದಂಪತಿಗಳು ಒಂದೇ ಮನಸ್ಸಿನಿಂದಿದ್ದರೆ ಮಗುವಿಗೆ ಧೈರ್ಯ. ತಮಗೆ ಓದುಬರಹ ಬಾರದೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಪಾಠ ಹೇಳಿಕೊಡಲು ಉಪಾಧ್ಯಾಯರಿದ್ದಾರೆ. "ಇಂದು ಏನು ಓದಿದೆ? ಯಾವುದು ಕಷ್ಟವಾಯಿತು?" ಎಂದು ಕೇಳಿ, ಹತ್ತು ನಿಮಿಷ ಪಕ್ಕದಲ್ಲಿ ಕುಳಿತರೆ ಅದೇ ದೊಡ್ಡ ಸಹಾಯ. ಮಗು ಯಾವ ವಿಷಯದಲ್ಲಿ ಹಿಂದಿದೆಯೆಂಬುದನ್ನು ಡಿಸೆಂಬರಿಗೆ ಮೊದಲೇ ಉಪಾಧ್ಯಾಯರನ್ನು ಕಂಡು ತಿಳಿದುಕೊಳ್ಳಿರಿ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. "ಪಾಸಾದರೆ ಓದು, ಇಲ್ಲವಾದರೆ ಮದುವೆ" ಎಂಬ ಬೆದರಿಕೆ ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಆ ಭಯವನ್ನು ಹೊತ್ತ ಹುಡುಗಿ ನೆಮ್ಮದಿಯಿಂದ ಓದುವುದಾದರೂ ಹೇಗೆ? 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಂತೆ ಹದಿನೆಂಟು ತುಂಬದ ಹುಡುಗಿಯ ಮದುವೆ ಮಾಡುವುದು ಅಪರಾಧ. ದೇಹ ಬಲಿಯುವ ಮುನ್ನ ಗರ್ಭ ಧರಿಸಿದರೆ ತಾಯಿಗೂ ಶಿಶುವಿಗೂ ಅಪಾಯ. ಪರೀಕ್ಷೆಯ ಫಲಿತಾಂಶ ಏನೇ ಆಗಲಿ, ಮದುವೆಯ ಮಾತು ಬೇಡ. ಇಂತಹ ಪ್ರಯತ್ನ ಎಲ್ಲಿಯಾದರೂ ನಡೆದರೆ 1098 ಎಂಬ ಮಕ್ಕಳ ಸಹಾಯವಾಣಿಗೆ ತಿಳಿಸಬಹುದು.

ಇನ್ನು ಎಚ್ಚರಿಕೆಯ ಚಿಹ್ನೆಗಳು. ಎರಡು ವಾರಗಳಿಗೂ ಹೆಚ್ಚು ಕಾಲ ಮಗು ಸರಿಯಾಗಿ ಉಣ್ಣದೆ, ನಿದ್ರಿಸದೆ, ಗೆಳೆಯರಿಂದ ದೂರವಾಗಿ ಒಬ್ಬೊಂಟಿಯಾಗಿ ಕುಳಿತರೆ. ಶಾಲೆಯ ಹೊತ್ತಿಗೆ ಪದೇಪದೇ ತಲೆನೋವು, ಹೊಟ್ಟೆನೋವು ಎಂದರೆ. ಅದನ್ನು ನಟನೆಯೆಂದು ಗದರಬೇಡಿರಿ, ಗಾಳಿಸೋಂಕೆಂದು ತಾಯಿತ ಕಟ್ಟಿಸಿ ಸುಮ್ಮನಾಗಬೇಡಿರಿ. "ನಾನಿದ್ದು ಏನು ಪ್ರಯೋಜನ" ಎಂಬಂತಹ ಮಾತು ಒಂದೇ ಬಾರಿ ಬಂದರೂ ಅದನ್ನು ಲಘುವಾಗಿ ಎಣಿಸದಿರಿ. ಸಾಯಬೇಕೆಂಬ ಯೋಚನೆ ಬಂದಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಿರಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದ್ದ ಭಾರ ಇಳಿಯುತ್ತದೆ. ಹೌದೆಂದರೆ ಮಗುವನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಬೆಳೆಗೆ ಹೊಡೆಯುವ ಕೀಟನಾಶಕವನ್ನು ಅಟ್ಟದ ಮೇಲೋ ಬಾಗಿಲ ಹಿಂದೆಯೋ ಇಡುವ ಪದ್ಧತಿ ನಮ್ಮಲ್ಲಿದೆ. ಇದು ತೀರ ಅಪಾಯಕರ. ದುಡುಕಿನ ಒಂದು ಗಳಿಗೆ ಕಳೆದರೆ ಜೀವ ಉಳಿಯುತ್ತದೆ. ಕೈಗೆ ವಿಷ ಸಿಕ್ಕರೆ ಉಳಿಯದು. ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಹಿರಿಯರೇ ಇಟ್ಟುಕೊಳ್ಳಬೇಕು. ಇಂದು ಮನೆಗೆ ಹೋದೊಡನೆ ಮಾಡಬೇಕಾದ ಮೊದಲ ಕೆಲಸ ಇದು.

ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆಯಲು ನಾಚಿಕೆ ಬೇಡ. ಹಳ್ಳಿಯ ಜನರಿಗೂ ಈ ಚಿಕಿತ್ಸೆಯನ್ನು ಒದಗಿಸಬಹುದೆಂದು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ತೋರಿಸಿಕೊಟ್ಟಿತು. ಮುಂದೆ ಅದೇ ದೇಶಕ್ಕೆ ಮಾದರಿಯಾಯಿತು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲಿಯೇ, ಹಣವಿಲ್ಲದೆ ಮಾತನಾಡಬಹುದು. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಸಮೀಪದ ಆಸ್ಪತ್ರೆಯ ವಿವರವನ್ನೂ ತಿಳಿಸುತ್ತಾರೆ.

ಕೊನೆಯದಾಗಿ ಫಲಿತಾಂಶದ ದಿನ. ಅಂದು ತಾಯಿಯೋ ತಂದೆಯೋ ಮಗುವಿನ ಬಳಿ ಇರಲೇಬೇಕು. ಅಂಕ ಕಡಿಮೆಯಾದರೆ ಊರವರ ಮುಂದೆ ಹೀಯಾಳಿಸಬಾರದು. ಮೊದಲು ಊಟ, ಅನಂತರ ಮಾತು. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶವಿರುವುದರಿಂದ ವರ್ಷ ವ್ಯರ್ಥವಾಯಿತೆಂದು ಕೊರಗಬೇಕಾಗಿಲ್ಲ. ತೇರ್ಗಡೆಯಾದವರಿಗೆ ಪಿ.ಯು. ಕಾಲೇಜು ಒಂದೇ ದಾರಿಯಲ್ಲ, ಐ.ಟಿ.ಐ. ಇದೆ, ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ.

ಮಹನೀಯರೇ, ಮಹಿಳೆಯರೇ, ಒಂದು ಮಳೆ ತಪ್ಪಿತೆಂದು ರೈತನು ಹೊಲವನ್ನು ಬಿಟ್ಟುಕೊಡುವುದಿಲ್ಲ. ಮುಂದಿನ ಹದಕ್ಕೆ ಕಾಯುತ್ತಾನೆ. ಮಕ್ಕಳ ವಿಷಯದಲ್ಲಿಯೂ ಅದೇ ತಾಳ್ಮೆ ನಮಗಿರಲಿ. ಪರೀಕ್ಷೆ ಮತ್ತೆ ಬರುತ್ತದೆ, ಮಗುವಿನ ಜೀವ ಒಂದೇ. "ಪಾಸಾಗಲಿ ಬಿಡಲಿ, ನೀನು ನಮ್ಮ ಮಗು" ಎಂಬ ಮಾತನ್ನು ಈ ರಾತ್ರಿಯೇ ಅದಕ್ಕೆ ಹೇಳಿರಿ.