ಓಣಿಯ ಕಟ್ಟೆಯೂ ಮಾತಿನ ಕಟ್ಟೆಯೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತವರು ಶಿಲಾಹಾರರಿಂದ ಪ್ರಾರಂಭಿಸುವದು ವಾಡಿಕೆ. ಖಿದ್ರಾಪುರದ ಕೋಪೇಶ್ವರ ದೇವಾಲಯದ ಕನ್ನಡ ಶಾಸನಗಳ ಸ್ಮರಣೆಯಾಗದೆ ನಮ್ಮಲ್ಲಿ ಯಾವ ಭಾಷಣವೂ ಮುಗಿದಿಲ್ಲ. ಆ ಕಲ್ಲುಗಳ ಮೇಲೆ ನಮಗೂ ಅಭಿಮಾನವುಂಟು. ಆದರೆ ಇಂದು ನಾವು ಬೇರೊಂದು ಕಲ್ಲಿನ ಮಾತನ್ನು ಆಡಬೇಕೆಂದಿದ್ದೇವೆ. ಅದು ಬರೆಯುವ ಕಲ್ಲಲ್ಲ, ಕೂಡ್ರುವ ಕಲ್ಲು, ಓಣಿಯ ಕಟ್ಟೆ.

ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಈ ಮೂರೂ ಊರುಗಳ ನಮ್ಮ ಮನೆಗಳಲ್ಲಿ ಮಗು ಕನ್ನಡ ಶಾಲೆಗೆ ಹೋಗುವದು, ಅಂಗಡಿಯಲ್ಲಿ ಮರಾಠಿ ಆಡುವದು, ಓಣಿಯಲ್ಲಿ ಎರಡನ್ನೂ ಬೆರೆಸುವದು. ಇದರಲ್ಲಿ ನಮಗೆ ದುಃಖವಿಲ್ಲ. ಎರಡು ನುಡಿ ಬಲ್ಲ ಕೂಸು ಜಾಣ ಕೂಸು. ಆದರೆ ಪಠ್ಯಪುಸ್ತಕದಲ್ಲಿಲ್ಲದ ಕನ್ನಡವನ್ನು, ಅಂದರೆ ಗಾದೆ, ಒಗಟು, ಬೈಗಳು, ಮಳೆ-ಬಿತ್ತಿಗೆಯ ಲೆಕ್ಕ ಇವನ್ನೆಲ್ಲ ನಮಗೆ ಕಲಿಸಿದವರು ಯಾರು? ಕಟ್ಟೆಯ ಮೇಲೆ ಕುಳಿತ ಹಿರಿಯರು. ಗಡಹಿಂಗ್ಲಜದ ಹಳೆಯ ಓಣಿಯಲ್ಲಿ ಮನೆಯ ಬಾಗಿಲಿಗೂ ಬೀದಿಗೂ ನಡುವೆ ಕಟ್ಟೆಯೊಂದು ಇರುತ್ತಿತ್ತು. ಮರಾಠಿಯವರು ಕಟ್ಟಾ ಅನ್ನುವರು, ನಾವು ಕಟ್ಟೆ ಅನ್ನುವೆವು. ಸಂಜೆಗೆ ಕೂಡ್ರುವ ಕಲ್ಲು ಒಂದೇ. ಇಚಲಕರಂಜಿಯಲ್ಲಿ ಪಾಳಿ ಬಿಟ್ಟ ನೇಕಾರರು ಚಹದ ಅಂಗಡಿಯ ಮುಂದೆ ಕುಳಿತು ಊರ ಕಡೆಯ ಸುದ್ದಿ ಹಂಚಿಕೊಳ್ಳುತ್ತಿದ್ದರು. ಮಗ್ಗದ ಸದ್ದಿನಲ್ಲಿ ಇಡೀ ಪಾಳಿ ಮಾತಿಲ್ಲದೆ ದುಡಿದವನಿಗೆ ಆ ಅರ್ಧ ತಾಸಿನ ಮಾತು ಊಟದಷ್ಟೇ ಅವಶ್ಯವಾಗಿತ್ತು.

ಈಗ ಊರುಗಳು ಹೊರಕ್ಕೆ ಬೆಳೆದಿವೆ. ಹೊಸ ಕಾಲನಿಗಳಲ್ಲಿ ಮನೆ ದೊಡ್ಡದು, ಕಂಪೌಂಡು ಎತ್ತರ, ರಸ್ತೆ ನೇರ. ಕಟ್ಟೆಯಿಲ್ಲ. ಕಾಲುದಾರಿಯೂ ಬಹಳ ಕಡೆ ಇಲ್ಲ. ಇದ್ದಲ್ಲಿ ಅದರ ಮೇಲೆ ಗಾಡಿ ನಿಂತಿರುವದು. ನಮ್ಮ ಪರಿಚಯದ ಅಜ್ಜಿಯೊಬ್ಬರು ಹಳೆಯ ಓಣಿಯನ್ನು ಬಿಟ್ಟು ಮಗನ ಹೊಸ ಮನೆಗೆ ಬಂದರು. ಎದುರು ಮನೆಯವರೂ ಕನ್ನಡದವರೇ ಎಂಬದು ಅವರಿಗೆ ತಿಳಿದದ್ದು ಹನ್ನೊಂದು ತಿಂಗಳ ಮೇಲೆ, ಆ ಮನೆಯಲ್ಲಿ ಸಾವಾದಾಗ ಅಳುವ ದನಿಯನ್ನು ಕೇಳಿ. ಇಪ್ಪತ್ತು ಹೆಜ್ಜೆಯ ರಸ್ತೆಯದು. ಆದರೆ ಅದನ್ನು ದಾಟಲು ಅಜ್ಜಿಗೆ ಧೈರ್ಯವಿರಲಿಲ್ಲ, ದಾಟಿದರೆ ಕೂಡ್ರಲು ಸ್ಥಳವಿರಲಿಲ್ಲ.

ಇದು ನಮ್ಮೊಬ್ಬರ ಹಳಹಳಿಕೆಯೆಂದು ತಾವು ತಿಳಿಯಬಾರದು. ೧೯೬೯ರಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ವಿದ್ವಾಂಸರು ಅಮೇರಿಕೆಯ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಒಂದೇ ತರಹದ ಮೂರು ಬೀದಿಗಳನ್ನು ಆರಿಸಿಕೊಂಡು ಅಲ್ಲಿಯ ನಿವಾಸಿಗಳನ್ನು ವಿಚಾರಿಸಿದರು. ದಿನಕ್ಕೆ ಸುಮಾರು ೨,೦೦೦ ವಾಹನ ಓಡುವ ಬೀದಿಯಲ್ಲಿ ಒಬ್ಬೊಬ್ಬರಿಗೆ ಸರಾಸರಿ ಮೂವರು ಗೆಳೆಯರಿದ್ದರು. ಸುಮಾರು ೧೬,೦೦೦ ವಾಹನ ಓಡುವ ಬೀದಿಯಲ್ಲಿ ಒಬ್ಬ ಗೆಳೆಯನೂ ಪೂರ್ತಿ ಬರಲಿಲ್ಲ, ಲೆಕ್ಕ ೦.೯ಕ್ಕೆ ನಿಂತಿತು. ಮೊದಲನೆಯ ಬೀದಿಯವರು ಇಡೀ ಬೀದಿಯನ್ನು ತಮ್ಮದೆಂದರು. ಕೊನೆಯದರವರಿಗೆ ತಮ್ಮ ಹೊಸತಿಲೇ ಗಡಿಯಾಗಿತ್ತು. ಗಡಿಯಲ್ಲಿ ಬಾಳುವ ನಮಗೆ ಮನೆಯ ಹೊಸತಿಲಲ್ಲಿ ಇನ್ನೊಂದು ಗಡಿ ಬೇಕೆ?

ಮದ್ದು ಇಲ್ಲದಿಲ್ಲ. ರಸ್ತೆ ಅಗಲವಾದಷ್ಟೂ ವಾಹನದ ವೇಗ ಏರುವದು. ಡಾಂಬರನ್ನು ಕಿರಿದುಗೊಳಿಸಿ ಉಳಿದ ಜಾಗವನ್ನು ನಡೆಯುವವರಿಗೆ ಕೊಟ್ಟರೆ ತಾನಾಗಿ ಇಳಿಯುವದು. ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ ಓಣಿಯ ನಡುವೆಯೇ ಗಿಡ ನೆಟ್ಟು, ಬಾಕು ಹಾಕಿ, ಬೀದಿಯನ್ನು ಮನೆಯಂಗಳ ಮಾಡಿದರು. ಅಂಥಲ್ಲಿ ವಾಹನವು ನಡೆಯುವವನ ವೇಗದಲ್ಲಿಯೇ ಹೋಗಬೇಕೆಂದು ೧೯೭೬ರಲ್ಲಿ ಕಾನೂನೂ ಆಯಿತು. ನಮ್ಮ ದೇಶದಲ್ಲಿ ಕಾನೂನಿನ ಕೊರತೆಯಿದೆಯೆಂದು ಹೇಳಲಾಗದು. ವಸತಿಯ ಪ್ರದೇಶದಲ್ಲಿಯೂ ಕಾಲುದಾರಿಯು ಅಡೆತಡೆಯಿಲ್ಲದೆ ೧.೮ ಮೀಟರ ಅಗಲವಿರಬೇಕು, ೧೫೦ ಮಿಲಿಮೀಟರಿಗಿಂತ ಎತ್ತರವಿರಬಾರದು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಸೂಚನೆಯುಂಟು. ಮೊಣಕಾಲು ನೋಯುವ ಯಾವ ಹಿರಿಯರನ್ನು ಕೇಳಿದರೂ ಈ ೧೫೦ರ ಮಹತ್ವವನ್ನು ಹೇಳಿಯಾರು. ಪುಣೆಯ ಜಂಗಲೀ ಮಹಾರಾಜ ರಸ್ತೆಯಲ್ಲಿ ಕಾಲುದಾರಿಯನ್ನು ಅಗಲಗೊಳಿಸಿ ಆಸನಗಳನ್ನೂ ಮಕ್ಕಳ ಆಟದ ಸಲಕರಣೆಗಳನ್ನೂ ಇಟ್ಟಿರುವದನ್ನು ತಮ್ಮಲ್ಲಿ ಅನೇಕರು ನೋಡಿರುವಿರಿ. ಅಷ್ಟು ವೆಚ್ಚ ನಮ್ಮ ಕಾಲನಿಗೆ ಬೇಡ. ಒಂದು ಬೇವಿನ ಗಿಡ, ಅದರ ಸುತ್ತ ಒಂದು ಕಟ್ಟೆ, ತಿರುವಿನಲ್ಲಿ ಒಂದು ಉಬ್ಬು ಸಾಕು.

ಇನ್ನು ಎರಡನೆಯ ಕಟ್ಟೆ. ಓಣಿಯ ಕಟ್ಟೆ ಹೋದ ಮೇಲೆ ಮಾತು ಮೊಬೈಲಿಗೆ ಸರಿಯಿತು. ಸರಿಯಲಿ, ಪುಣೆಯಲ್ಲಿರುವ ಮಗಳೂ ಸಂಕೇಶ್ವರದ ಬೀಗರೂ ಅಲ್ಲಿಯೇ ಸಿಕ್ಕುವರು. ಆದರೆ ಆ ಕಟ್ಟೆ ಯಾರದು? ನಮ್ಮ ತರುಣರು ಹಿರಿಯರಿಂದ ಸೋಬಾನೆ ಹಾಡುಗಳನ್ನು ಹಾಡಿಸಿ ಒಂದು ಪುಟದಲ್ಲಿ ಸೇರಿಸುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಪುಟಕ್ಕೆ ಬೀಗ ಬಿದ್ದಿತ್ತು. ಏಕೆಂದು ಕೇಳಿದರೆ ಉತ್ತರಿಸಿದ್ದು ಯಂತ್ರ. ಹಾಡಿದ ತಾಯಂದಿರಲ್ಲಿ ಇಬ್ಬರು ಈಗ ಇಲ್ಲ. ಅವರ ದನಿಯೂ ಇಲ್ಲ. ಆ ಕಂಪನಿಯ ಹೆಸರು ಇಲ್ಲಿ ಬೇಡ, ತಪ್ಪಿನಲ್ಲಿ ಅರ್ಧ ನಮ್ಮದು. ಪ್ರತಿಯೊಂದನ್ನು ನಾವು ಬೇರೆ ತೆಗೆದಿಡಲಿಲ್ಲ.

ಕನ್ನಡದವರೇ ಕಟ್ಟಿದ ಕಟ್ಟೆಯಾದರೆ ಉಳಿದೀತೆಂದು ಕೆಲವರು ಹೇಳುವರು. ೨೦೨೦ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಕೂ’ ಮೊದಲು ತೊದಲಿದ್ದು ಕನ್ನಡದಲ್ಲಿಯೇ. ನಮಗೆ ಎಷ್ಟು ಸಂತೋಷವಾಗಿತ್ತು! ೨೦೨೪ರ ಜುಲೈಯಲ್ಲಿ ಹಣ ಸಾಲದೆ ಅದು ಮುಚ್ಚಿತು. ಒಡೆಯನು ನಮ್ಮವನೇ ಆದರೂ ಒಂದೇ ಬಾಗಿಲಿನ ಮನೆಗೆ ಬೀಗವೂ ಒಂದೇ.

ಬೇರೆ ಬಗೆಯ ಕಟ್ಟೋಣವೊಂದುಂಟು. ೨೦೧೬ರಲ್ಲಿ ಜರ್ಮನಿಯ ಯೂಜೆನ್ ರಾಕ್ಕೊ ಎಂಬ ತರುಣನು ‘ಮ್ಯಾಸ್ಟೊಡಾನ್’ ಎಂಬದನ್ನು ರಚಿಸಿ ಅದರ ತಂತ್ರವನ್ನು ಎಲ್ಲರಿಗೂ ಬಿಟ್ಟುಕೊಟ್ಟನು. ಕೊಲ್ಲಾಪುರದವರಿಗೆ ಇದನ್ನು ತಿಳಿಸುವದು ಸುಲಭ. ನಮ್ಮಲ್ಲಿ ಪೇಟೆ ಪೇಟೆಗೂ ತಾಲೀಮು ಇಲ್ಲವೆ? ಗಂಗಾವೇಶದ ತಾಲೀಮಿಗೆ ತನ್ನ ಉಸ್ತಾದ, ತನ್ನ ಶಿಸ್ತು, ಶಾಹುಪುರಿಯದಕ್ಕೆ ತನ್ನದು. ಆದರೂ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನದಲ್ಲಿ ಎಲ್ಲರ ಪೈಲವಾನರೂ ಒಂದೇ ನಿಯಮದಂತೆ ಸೆಣಸುವರು. ಒಂದು ತಾಲೀಮು ಮುಚ್ಚಿದರೆ ಕುಸ್ತಿ ನಿಲ್ಲುವದಿಲ್ಲ. ಅಂತೆಯೇ ಇಲ್ಲಿ ಒಂದೊಂದು ಸಂಘವೂ ತನ್ನದೇ ಸರ್ವರ್ ಇಟ್ಟುಕೊಳ್ಳಬಹುದು. ಒಂದರಲ್ಲಿ ಬರೆದದ್ದನ್ನು ಇನ್ನೊಂದರವರು ಓದಿ ಉತ್ತರಿಸಬಹುದು. ಅವುಗಳ ನಡುವಿನ ಸಮಾನ ನಿಯಮಕ್ಕೆ ‘ಆಕ್ಟಿವಿಟಿಪಬ್’ ಎಂದು ಹೆಸರು. ೨೦೧೮ರಲ್ಲಿ ಅದು ಅಂತರರಾಷ್ಟ್ರೀಯ ಮಾನ್ಯತೆ ಪಡೆಯಿತು. ವಿಕೇಂದ್ರೀಕರಣವೆಂಬ ಮಾತು ಇಚಲಕರಂಜಿಗೂ ಹೊಸದಲ್ಲ. ಮನೆಮನೆಯ ಶೆಡ್ಡುಗಳ ವಿದ್ಯುನ್ಮಗ್ಗಗಳನ್ನು ಸರಕಾರದ ಕಾಗದಗಳೇ ವಿಕೇಂದ್ರಿತ ಕ್ಷೇತ್ರವೆಂದು ಕರೆಯುವವು.

೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯದ ಹಿರಿಯ ನ್ಯಾಯವಾದಿ ಸಂಜಯ ಹೆಗ್ಡೆಯವರ ಟ್ವಿಟರ್ ಖಾತೆ ಸ್ಥಗಿತವಾದಾಗ ನಮ್ಮ ದೇಶದ ಅನೇಕರು ಈ ಕಡೆಗೆ ಬಂದರು. ಬಂದವರಲ್ಲಿ ಹಲವರು ನಿಲ್ಲಲಿಲ್ಲವೆಂಬದೂ ನಿಜ. ತಮ್ಮವರೆಲ್ಲ ಹಳೆಯ ಪೇಟೆಯಲ್ಲಿಯೇ ಇದ್ದರೆ ಹೊಸ ಕಟ್ಟೆಯ ಮೇಲೆ ಒಬ್ಬರೇ ಕುಳಿತು ಏನು ಮಾಡುವದು? ಬೇರೆ ತೊಡಕುಗಳನ್ನೂ ಮುಚ್ಚಿಡಲಾರೆವು. ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋದವನ ಹಿಂಬಾಲಕರು ಜೊತೆಗೆ ಬರುವರು, ಹಳೆಯ ಬರವಣಿಗೆ ಬರುವದಿಲ್ಲ. ಹೊಲಸು ಮಾತನ್ನು ತೆಗೆದುಹಾಕಲು, ದಿನವೂ ಪ್ರತಿ ತೆಗೆದಿಡಲು ಯಾರಾದರೂ ಎಚ್ಚರವಿರಬೇಕು. ಆ ಹುಡುಗನಿಗೆ ಮುಂಬಯಿಯಲ್ಲಿ ನೌಕರಿ ಸಿಕ್ಕಿತೆಂದರೆ ಕಟ್ಟೆಯ ಕಸ ಗುಡಿಸುವವರಿಲ್ಲ. ಆದ್ದರಿಂದ ಒಬ್ಬರಲ್ಲ, ಊರಿಗೆ ಮೂವರು ಕಲಿತಿರಬೇಕೆಂದು ನಮ್ಮ ಅಭಿಪ್ರಾಯ. ಅವರಲ್ಲಿ ಒಬ್ಬಳಾದರೂ ಹೆಣ್ಣುಮಗಳಿರಲಿ; ಹಾಡುಗಳು ಇರುವದು ತಾಯಂದಿರ ಹತ್ತಿರ.

ಸಂಘದ ಕಾರ್ಯಕಾರಿ ಮಂಡಲದ ಮುಂದೆ ನಾವು ಎರಡು ಬೇಡಿಕೆಗಳನ್ನು ಇಟ್ಟಿದ್ದೇವೆ. ಕೊಲ್ಲಾಪುರ, ಇಚಲಕರಂಜಿಗಳ ಮಹಾನಗರಪಾಲಿಕೆಗಳಿಗೂ ಗಡಹಿಂಗ್ಲಜದ ನಗರಪರಿಷತ್ತಿಗೂ, ಊರಿಗೊಂದು ಕಾಲನಿಯ ಒಂದು ಓಣಿಯನ್ನು ಮಾತ್ರ ಈ ರೀತಿ ಸುಧಾರಿಸಿ ತೋರಿಸಿರೆಂದು ಅರ್ಜಿ ಕೊಡಬೇಕು. ಅರ್ಜಿ ಮರಾಠಿಯಲ್ಲಿಯೇ ಇರಲಿ, ಅದರ ಕೆಳಗೆ ನೆರೆಮನೆಯ ಮರಾಠಿ ಬಂಧುಗಳ ರುಜುವೂ ಇರಲಿ. ಓಣಿ ಅವರದೂ ಹೌದು. ಎರಡನೆಯದು, ಮೂರು ಊರಿಗೂ ಮೂರು ಸಣ್ಣ ಸರ್ವರುಗಳು, ಒಂದಕ್ಕೊಂದು ಜೋಡಿಸಿದವು. ಒಂದೇ ದೊಡ್ಡದೇಕೆ ಬೇಡವೆಂದು ಕೋಶಾಧ್ಯಕ್ಷರು ಕೇಳಿದ್ದರು. ಅವರಿಗೆ ‘ಕೂ’ದ ಕಥೆಯನ್ನೇ ಹೇಳಿದೆವು.

ಹಾಡು ಉಳಿದಿರುವ ತಾಯಂದಿರು ನಮ್ಮಲ್ಲಿ ಇನ್ನೂ ಇದ್ದಾರೆ. ಬಾಗಿಲ ಹತ್ತಿರ ಮೇಜಿನ ಮೇಲೆ ಒಂದು ವಹಿ ಇದೆ. ಊಟಕ್ಕೆ ಹೋಗುವ ಮುಂಚೆ ಅವರ ಹೆಸರು ಹಾಗೂ ಓಣಿಯನ್ನು ಅದರಲ್ಲಿ ಬರೆಯಿರಿ. ಹುಡುಗರು ಮನೆಗೇ ಬರುವರು. ಈ ಸಲ ಎರಡು ಪ್ರತಿ ತೆಗೆಯುವರು.